ಗಣಕದ ತೆರೆಯಲ್ಲಿ ಕೊಂಬೆ ಬಿಚ್ಚುವ ಮರ

ಗಣಕಯಂತ್ರದಲ್ಲಿ ಕಡತಗಳನ್ನು ಹುಡುಕುವಾಗ ತೆರೆಯ ಎಡಭಾಗವನ್ನು ಗಮನಿಸಿದ್ದೀರಾ? ಅಲ್ಲಿ ಫೋಲ್ಡರುಗಳ ಪಟ್ಟಿ ಇರುತ್ತದೆ. ಹೆಸರಿನ ಪಕ್ಕದ ಪುಟ್ಟ ಗುರುತನ್ನು ಮೌಸ್‌ನಿಂದ ಒತ್ತಿದರೆ ಒಳಗಿನ ಫೋಲ್ಡರುಗಳು ಕೆಳಗೆ ತೆರೆದುಕೊಳ್ಳುತ್ತವೆ. 1995ರಲ್ಲಿ ಬಂದ ವಿಂಡೋಸ್ 95ರಲ್ಲಿ ಈ ಗುರುತು ಕೂಡುವ, ಕಳೆಯುವ ಚಿಹ್ನೆಗಳಿದ್ದ ಚೌಕವಾಗಿತ್ತು. ಕೊಂಬೆಯಿಂದ ರೆಂಬೆ ಒಡೆದಂತೆ ಕಾಣುವುದರಿಂದ ಇದಕ್ಕೆ 'ಟ್ರೀ', ಅಂದರೆ ಮರ ಎಂದೇ ಹೆಸರು. ಬೇರು ಮಾತ್ರ ಮೇಲಿದೆ!

ಪಟ್ಟಿ ತಟ್ಟನೆ ತೆರೆದರೆ ಕೆಳಗಿನ ಸಾಲುಗಳೆಲ್ಲ ಒಮ್ಮೆಲೇ ಜಿಗಿಯುತ್ತವೆ. ಯಾವುದು ಎಲ್ಲಿ ಹೋಯಿತೆಂದು ಕಣ್ಣು ಮತ್ತೆ ಹುಡುಕಬೇಕು. ಮೆಲ್ಲನೆ ಸರಿದರೆ ಕಣ್ಣು ಅದನ್ನು ಹಿಂಬಾಲಿಸುತ್ತದೆ. ಇದಕ್ಕಾಗಿ ಸಿನಿಮಾದ ಉಪಾಯವನ್ನೇ ಬಳಸುತ್ತಾರೆ: ಸ್ವಲ್ಪ ಸ್ವಲ್ಪವೇ ಬದಲಾಗುವ ಚಿತ್ರಗಳನ್ನು ಬೇಗ ಬೇಗ ತೋರಿಸುವುದು.

ಒಂದು ಲೆಕ್ಕ ನೋಡೋಣ. ಒಳಗೆ 6 ಫೋಲ್ಡರುಗಳಿವೆ, ಒಂದೊಂದರ ಎತ್ತರ 20 ಚುಕ್ಕೆ ಎನ್ನೋಣ. ಒಟ್ಟು 120 ಚುಕ್ಕೆ. ಇದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ತೆರೆಯಬೇಕು. ತೆರೆ ಸೆಕೆಂಡಿಗೆ 60 ಚಿತ್ರ ತೋರಿಸಿದರೆ ನಮಗೆ ಸಿಗುವುದು 12 ಚಿತ್ರ. ಚಿತ್ರಕ್ಕೆ 10 ಚುಕ್ಕೆ ಹೆಚ್ಚಿಸಿದರಾಯಿತು, ಅಲ್ಲವೇ?

ಇಲ್ಲೇ ಇರುವುದು ತೊಡಕು. ನಿಮ್ಮ ಶಾಲೆಯ ಹಳೆಯ ಗಣಕ ಸೆಕೆಂಡಿಗೆ 30 ಚಿತ್ರ ಮಾತ್ರ ಬಿಡಿಸಬಲ್ಲದಾದರೆ ಅದೇ ಪಟ್ಟಿ ತೆರೆಯಲು ಎರಡರಷ್ಟು ಹೊತ್ತು! ಆದ್ದರಿಂದ ಜಾಣ ಪ್ರೋಗ್ರಾಮು ಚಿತ್ರಗಳನ್ನು ಎಣಿಸುವುದಿಲ್ಲ, ಗಡಿಯಾರವನ್ನು ಕೇಳುತ್ತದೆ. ಅರ್ಧ ಸಮಯ ಕಳೆದಿದೆಯೇ? ಹಾಗಾದರೆ ಎತ್ತರ 60 ಚುಕ್ಕೆ. ನಿಧಾನದ ಗಣಕ 6 ಚಿತ್ರಗಳನ್ನಷ್ಟೇ ತೋರಿಸಿದರೂ ಹೊತ್ತಿಗೆ ಸರಿಯಾಗಿ ಮುಗಿಸುತ್ತದೆ.

ಆದರೆ ಒಂದೇ ವೇಗದ ಚಲನೆ ಯಾಂತ್ರಿಕವಾಗಿ ಕಾಣುತ್ತದೆ. ನಿಲ್ದಾಣಕ್ಕೆ ಬರುವ ಬಸ್ಸು ವೇಗ ತಗ್ಗಿಸುತ್ತಾ ನಿಲ್ಲುತ್ತದಲ್ಲವೇ? ಹಾಗೆ ಮಾಡಲು ಉಳಿದಿರುವ ಸಮಯದ ಭಾಗವನ್ನು ಅದರಿಂದಲೇ ಗುಣಿಸಿ 1ರಿಂದ ಕಳೆಯುತ್ತಾರೆ. ಅರ್ಧ ಸಮಯ ಉಳಿದಿದ್ದರೆ ಅರ್ಧದ ಅರ್ಧ ಕಾಲು. 1ರಿಂದ ಕಾಲು ಕಳೆದರೆ ಮುಕ್ಕಾಲು. ಆಗಲೇ 90 ಚುಕ್ಕೆ ತೆರೆದಿದೆ! ಉಳಿದ 30 ಚುಕ್ಕೆ ನಿಧಾನವಾಗಿ ತೆರೆಯುತ್ತದೆ.

ಅಷ್ಟರಲ್ಲಿ ನೀವು ಮನಸ್ಸು ಬದಲಿಸಿ ಮತ್ತೆ ಒತ್ತಿದರೆ? ಮುಚ್ಚುವ ಕೆಲಸ 120ರಿಂದಲ್ಲ, ಆಗ ಇರುವ 90ರಿಂದಲೇ ಆರಂಭವಾಗಬೇಕು. ಇಲ್ಲದಿದ್ದರೆ ಪಟ್ಟಿ ಒಮ್ಮೆ ಕುಪ್ಪಳಿಸುತ್ತದೆ.

ತೆರೆಯ ಮೇಲಿನ ಚಲನೆಯಿಂದ ಕೆಲವರಿಗೆ ತಲೆ ಸುತ್ತುತ್ತದೆ. ಅವರು ಇಂಥ ಚಲನೆಯನ್ನು ನಿಲ್ಲಿಸಲು ವಿಂಡೋಸ್‌ನಲ್ಲಿ ಅವಕಾಶವಿದೆ. ಆಗ ಒಟ್ಟು ಸಮಯ ಸೊನ್ನೆ. ಕಳೆದ ಸಮಯವನ್ನು ಸೊನ್ನೆಯಿಂದ ಭಾಗಿಸಲು ಹೋದರೆ ಲೆಕ್ಕವೇ ಕೆಡುತ್ತದೆ. ಅದಕ್ಕೇ ಪ್ರೋಗ್ರಾಮು ಇದನ್ನು ಮೊದಲೇ ಪರೀಕ್ಷಿಸಿ ಪಟ್ಟಿಯನ್ನು ನೇರವಾಗಿ 120 ಚುಕ್ಕೆಗೆ ತೆರೆದುಬಿಡುತ್ತದೆ.