ಚೆಂಡು ಹಾರಿದ್ದು ಕೋಲಿನಿಂದಲೋ, ಕೈಯಿಂದಲೋ?

2021ರ ಆಗಸ್ಟ್ 7, ಶನಿವಾರ. ಜೆ.ಪಿ. ನಗರದಲ್ಲಿ ಹಾಲು, ಪೇಪರು ಬರುವ ಹೊತ್ತಿಗೇ ಎಷ್ಟೋ ಮನೆಗಳ ಟಿ.ವಿ. ಹಚ್ಚಿತ್ತು. ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ಅಷ್ಟಾಗಿ ನೋಡದವರೂ ಅಂದು ಗಾಲ್ಫ್ ನೋಡುತ್ತಾ ಕುಳಿತಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್‌ನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಅಂಚಿನಲ್ಲಿದ್ದರು. 'ಬರ್ಡಿ' ಎಂದರೇನು, 'ಪಾರ್' ಎಂದರೇನು ಎಂದು ಮಕ್ಕಳು ಕೇಳಿದರೆ ಅಪ್ಪಂದಿರಿಗೂ ಉತ್ತರ ಗೊತ್ತಿರಲಿಲ್ಲ. ಕೊನೆಗೆ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು. ಅಮೆರಿಕದ ನೆಲ್ಲಿ ಕೋರ್ಡಾ 267 ಹೊಡೆತಗಳಲ್ಲಿ ನಾಲ್ಕು ಸುತ್ತು ಮುಗಿಸಿ ಚಿನ್ನ ಗೆದ್ದರು. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 268. ಅದಿತಿಯದು 269, ನಾಲ್ಕನೇ ಸ್ಥಾನ.

ಆಗ ವಿಶ್ವ ಪಟ್ಟಿಯಲ್ಲಿ ಅವರ ಸ್ಥಾನ 200. ಕಣದಲ್ಲಿದ್ದ 60 ಮಂದಿಯಲ್ಲಿ ಟೀ ಮೇಲಿಂದ ಚೆಂಡನ್ನು ದೂರ ಹೊಡೆಯುವುದರಲ್ಲಿ ಅವರು ತೀರ ಹಿಂದೆ. ಹಸಿರು ಹಾಸಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದವರ ಸಾಲಿನಲ್ಲಿ. ಆ ವರ್ಷ ಕೋವಿಡ್‌ನಿಂದ ಬಳಲಿ ಎದ್ದಿದ್ದ ಅವರ ಮೈಯಲ್ಲಿ ಮೊದಲಿನ ಕಸುವೂ ಇರಲಿಲ್ಲ. ಇದನ್ನು ಪತ್ರಿಕೆಗಳಲ್ಲಿ ಓದಿದ ಮಕ್ಕಳಿಗೆ ಸಹಜವಾಗಿಯೇ ಹುಟ್ಟುವ ಪ್ರಶ್ನೆ: 'ಇನ್ನೂ ಒಳ್ಳೆಯ ಕೋಲು ಕೊಡಿಸಿದ್ದರೆ ಪದಕ ಬರುತ್ತಿತ್ತಲ್ಲವೆ?'

ಪ್ರಶ್ನೆ ಚಿಕ್ಕದಲ್ಲ. ಪ್ರಪಂಚದ ಗಾಲ್ಫ್ ಆಟಗಾರರೆಲ್ಲ ವರ್ಷವರ್ಷವೂ ಹೊಸ ಡ್ರೈವರ್ ಬಂದಾಗ ಕೇಳಿಕೊಳ್ಳುವುದೂ ಇದನ್ನೇ. ಡ್ರೈವರ್ ಎಂದರೆ ಆಟಗಾರನ ಚೀಲದಲ್ಲಿರುವ ಕೋಲುಗಳಲ್ಲೆಲ್ಲ ಉದ್ದವಾದದ್ದು, ತಲೆ ದೊಡ್ಡದಿರುವುದು. ಪ್ರತಿ ಕುಳಿಯ ಆಟದ ಮೊದಲ ದೂರದ ಹೊಡೆತಕ್ಕೆ ಸಾಮಾನ್ಯವಾಗಿ ಬಳಸುವುದು. ಬೆಲೆ ಐವತ್ತು ಸಾವಿರ ರೂಪಾಯಿಯ ಆಚೀಚೆ. ಇದರಿಂದ ಹತ್ತು ಗಜ ಹೆಚ್ಚು ದೂರ ಖಂಡಿತ ಎಂದು ಜಾಹೀರಾತು ಹೇಳುತ್ತದೆ. ಸತ್ಯ ಎಷ್ಟು?

ಅದನ್ನು ತಿಳಿಯಲು ಗಾಲ್ಫ್ ಮೈದಾನಕ್ಕೇ ಹೋಗಬೇಕಿಲ್ಲ. ಜೆ.ಪಿ. ನಗರದ ಯಾವುದೇ ಮನೆಯ ತಾರಸಿ ಸಾಕು. ಒಂದು ಟೆನಿಸ್ ಚೆಂಡು, ಒಂದು ಮೀಟರಿನ ಅಳತೆಪಟ್ಟಿ, ಒಂದು ಟೆನಿಸ್ ರಾಕೆಟ್ ಇರಲಿ. ಒಂದು ಮೀಟರ್ ಎತ್ತರದಿಂದ ಚೆಂಡನ್ನು ಸಿಮೆಂಟ್ ನೆಲದ ಮೇಲೆ ಬಿಡಿ. ಒಳ್ಳೆಯ ಚೆಂಡಾದರೆ ಸುಮಾರು 55 ಸೆಂ.ಮೀ. ಪುಟಿಯುತ್ತದೆ. ಈಗ ರಾಕೆಟ್ಟಿನ ಚೌಕಟ್ಟನ್ನು ಎರಡು ದಪ್ಪ ಪುಸ್ತಕಗಳ ಮೇಲಿಟ್ಟು, ಅಲುಗದಂತೆ ಇಬ್ಬರು ಒತ್ತಿ ಹಿಡಿದು, ತಂತಿಗಳ ನಡುವೆ ಬೀಳುವಂತೆ ಅದೇ ಎತ್ತರದಿಂದ ಅದೇ ಚೆಂಡನ್ನು ಬಿಡಿ. ಚೆಂಡು ಮೊದಲಿಗಿಂತ ಎತ್ತರಕ್ಕೆ ನೆಗೆಯುತ್ತದೆ. ಗಟ್ಟಿ ನೆಲಕ್ಕಿಂತ ಮೆತ್ತನೆಯ ತಂತಿಯ ಮೇಲೆ ಹೆಚ್ಚು ಪುಟಿತ! ಮಕ್ಕಳು ಇದನ್ನು ಮೊದಲೇ ಊಹಿಸಿ ಬರೆದಿಟ್ಟುಕೊಂಡು ಆಮೇಲೆ ಮಾಡಿದರೆ ಮೋಜು ಹೆಚ್ಚು. ಬಹುಪಾಲು ಊಹೆಗಳು ತಪ್ಪಾಗುತ್ತವೆ.

ಕಾರಣ ಸರಳ. ನೆಲ ಬಾಗುವುದಿಲ್ಲ, ಆದ್ದರಿಂದ ಅಪ್ಪಚ್ಚಿಯಾಗುವ ಕೆಲಸವನ್ನೆಲ್ಲ ಚೆಂಡೇ ಮಾಡಬೇಕು. ರಬ್ಬರ್ ಹಾಗೆ ಹಿಸುಕಿಕೊಂಡು ಮತ್ತೆ ಹಿಗ್ಗುವಾಗ ಶಕ್ತಿಯ ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆ. ತಂತಿಗಳಾದರೋ ತಾವೇ ಬಾಗಿ, ಪಡೆದ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಹಿಂತಿರುಗಿಸುತ್ತವೆ. ಚೆಂಡು ಕಡಿಮೆ ಹಿಸುಕಿಕೊಳ್ಳುತ್ತದೆ, ನಷ್ಟವೂ ಕಡಿಮೆ.

ಪುಟಿದ ಎತ್ತರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ವರ್ಗಮೂಲ ತೆಗೆದರೆ ಬರುವ ಸಂಖ್ಯೆಗೆ ಪುಟಿತದ ಗುಣಾಂಕ ಎನ್ನಬಹುದು. 55ನ್ನು 100ರಿಂದ ಭಾಗಿಸಿದರೆ 0.55; ಅದರ ವರ್ಗಮೂಲ 0.74. ಡಿಕ್ಕಿಯಲ್ಲಿ ಸ್ವಲ್ಪವೂ ನಷ್ಟವಾಗದಿದ್ದರೆ ಈ ಸಂಖ್ಯೆ 1. ಕೆಳಗೆ ಬಿದ್ದ ಸಗಣಿ ಮುದ್ದೆಗೆ ಸೊನ್ನೆ.

ಮರದ ತಲೆಯಿಂದ ಟೈಟಾನಿಯಂ ತನಕ

ಹಿಂದಿನ ಡ್ರೈವರ್‌ಗಳ ತಲೆ ಮರದ್ದು. ಅಮೆರಿಕದ ಪರ್ಸಿಮನ್ ಮರ ಅದಕ್ಕೆ ಹೆಸರಾಗಿತ್ತು. ನಮ್ಮ ಕಾಡುಗಳಲ್ಲಿ ಬೀಡಿ ಎಲೆ ಕೊಡುವ ಮರವೂ ಅದೇ ಕುಲಕ್ಕೆ ಸೇರಿದ್ದು ಎಂಬುದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಖುಷಿ ಕೊಟ್ಟೀತು. 1979ರಲ್ಲಿ ಟೇಲರ್‌ಮೇಡ್ ಕಂಪನಿಯ ಗ್ಯಾರಿ ಆಡಮ್ಸ್ ಉಕ್ಕಿನ ಟೊಳ್ಳು ತಲೆಯ ಡ್ರೈವರ್ ಮಾರಾಟಕ್ಕೆ ತಂದರು. ನೋಡಿ ನಕ್ಕವರೂ ಇದ್ದರು. 1991ರಲ್ಲಿ ಕ್ಯಾಲವೇ ಕಂಪನಿಯ 'ಬಿಗ್ ಬರ್ತಾ' ಬಂತು; ಅದರ ತಲೆಯ ಗಾತ್ರ 190 ಘನ ಸೆಂ.ಮೀ. ಅಷ್ಟಕ್ಕೇ ಜನ 'ಅಬ್ಬಾ' ಎಂದರು. 1995ರ ಹೊತ್ತಿಗೆ ಟೈಟಾನಿಯಂ ಬಂತು. ಈಗಿನ ತಲೆಗಳು 460 ಘನ ಸೆಂ.ಮೀ. ಅಂದರೆ ಹೆಚ್ಚುಕಡಿಮೆ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟಿನಷ್ಟು!

ಟೈಟಾನಿಯಂ ಹಗುರ, ಆದರೆ ಬಲು ಗಟ್ಟಿ. ಹಾಗಾಗಿ ಚೆಂಡಿಗೆ ತಗಲುವ ಮುಖವನ್ನು ತೀರ ತೆಳುವಾಗಿ ಮಾಡಬಹುದು. ತೆಳುವಾದ ಮುಖ ರಾಕೆಟ್ಟಿನ ತಂತಿಯಂತೆ ಒಂದಿಷ್ಟು ಒಳಗೆ ಬಾಗಿ ಚೆಂಡನ್ನು ಹೊರಗೆ ಚಿಮ್ಮಿಸುತ್ತದೆ. ಕಣ್ಣಿಗೆ ಕಾಣದ ಬಾಗು ಅದು. ಕೋಲೂ ಚೆಂಡೂ ಒಂದಕ್ಕೊಂದು ಅಂಟಿರುವ ಸಮಯ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗ ಮಾತ್ರ. ಅಷ್ಟರಲ್ಲಿ 46 ಗ್ರಾಂ ತೂಗುವ ಚೆಂಡು ನಿಂತಲ್ಲಿಂದ ಗಂಟೆಗೆ 230 ಕಿ.ಮೀ. ದಾಟಿದ ವೇಗ ಪಡೆಯಬೇಕು. ಚೆಂಡಿನ ಮೇಲೆ ಬೀಳುವ ಸರಾಸರಿ ಬಲವನ್ನು ಹತ್ತನೇ ತರಗತಿಯ ಸೂತ್ರದಿಂದಲೇ ಲೆಕ್ಕ ಹಾಕಿದರೆ ಸುಮಾರು 600 ಕಿಲೋ ತೂಕಕ್ಕೆ ಸಮ ಬರುತ್ತದೆ.

ಕಂಪನಿಗಳನ್ನು ಹಾಗೇ ಬಿಟ್ಟಿದ್ದರೆ ಮುಖ ತೆಳುವಾಗುತ್ತಲೇ ಹೋಗುತ್ತಿತ್ತು, ಮೈದಾನಗಳು ಸಾಲದಾಗುತ್ತಿದ್ದವು. ಗಾಲ್ಫ್ ನಿಯಮಗಳನ್ನು ರೂಪಿಸುವ ಎರಡು ಸಂಸ್ಥೆಗಳು (ಅಮೆರಿಕದ ಯು.ಎಸ್.ಜಿ.ಎ. ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ) ಮಿತಿ ಹಾಕಿದವು. ಪುಟಿತದ ಗುಣಾಂಕ 0.83 ಮೀರಕೂಡದು, ತಲೆ 460 ಘನ ಸೆಂ.ಮೀ. ಮೀರಕೂಡದು. ಈಗ ಇದನ್ನು ಅಳೆಯುವುದು ಪುಟ್ಟ ಲೋಲಕದಿಂದ. ಉಕ್ಕಿನ ಗುಂಡು ತುದಿಯ ಲೋಲಕ ಕೋಲಿನ ಮುಖಕ್ಕೆ ತಗಲಿ ಹಿಂದೆ ಬರುತ್ತದೆ. ತಗಲಿದ್ದ ಅವಧಿ ಸೆಕೆಂಡಿನ ಹತ್ತು ಲಕ್ಷದ 257 ಭಾಗಗಳಿಗಿಂತ ಹೆಚ್ಚಿದ್ದರೆ ಆ ಕೋಲು ಆಟಕ್ಕೆ ಸಲ್ಲದು. ಮೆತ್ತಗೆ ಬಾಗುವ ಮುಖ ಹೆಚ್ಚು ಹೊತ್ತು ಅಂಟಿರುತ್ತದಲ್ಲ, ಅದೇ ತತ್ತ್ವ.

ಇಲ್ಲಿ ಒಂದು ಸಣ್ಣ ಲೆಕ್ಕ. ಡ್ರೈವರ್ ತಲೆ ಸುಮಾರು 200 ಗ್ರಾಂ, ಚೆಂಡು 46 ಗ್ರಾಂ. 200ನ್ನು 246ರಿಂದ ಭಾಗಿಸಿ, ಒಂದಕ್ಕೆ ಪುಟಿತದ ಗುಣಾಂಕ ಕೂಡಿಸಿ ಗುಣಿಸಿದರೆ, ಕೋಲಿನ ವೇಗದ ಎಷ್ಟು ಪಟ್ಟು ಚೆಂಡಿನ ವೇಗ ಎಂದು ತಿಳಿಯುತ್ತದೆ. ಮರದ ತಲೆಯ ಗುಣಾಂಕ 0.78 ಎಂದಿಟ್ಟುಕೊಂಡರೆ ಉತ್ತರ 1.45, ಮಿತಿಯ ಅಂಚಿನಲ್ಲಿರುವ ಟೈಟಾನಿಯಂ ತಲೆಗೆ 1.49. ಗಂಟೆಗೆ 160 ಕಿ.ಮೀ. ವೇಗದಲ್ಲಿ ಕೋಲು ಬೀಸಿದರೆ ವ್ಯತ್ಯಾಸ ಆರೂವರೆ ಕಿ.ಮೀ. ಅಷ್ಟೆ, ದೂರದಲ್ಲಿ ಎಂಟು-ಹತ್ತು ಗಜ. ಅದೇ ಲಾಭವನ್ನು ಹಳೆಯ ಕೋಲಿನಲ್ಲಿಯೇ ಬೀಸುವ ವೇಗವನ್ನು ನಾಲ್ಕೂವರೆ ಕಿ.ಮೀ. ಹೆಚ್ಚಿಸಿಯೂ ಪಡೆಯಬಹುದು.

ಈಗ ಜಾಹೀರಾತಿಗೆ ಬರೋಣ. ಒಳ್ಳೆಯ ಕಂಪನಿಗಳೆಲ್ಲ 0.83ರ ಗೋಡೆಯನ್ನು ಮುಟ್ಟಿ ಎಷ್ಟೋ ವರ್ಷಗಳಾದವು. ಹಾಗಾದರೆ ಮುಖದ ನಟ್ಟನಡುವೆ ಹೊಡೆದಾಗ ಈ ವರ್ಷದ ಕೋಲು ಹೋದ ವರ್ಷದ್ದಕ್ಕಿಂತ ಹತ್ತು ಗಜ ದೂರ ಹೊಡೆಯುವುದು ಹೇಗೆ? ಹೊಡೆಯಲಾರದು. ಸುಧಾರಣೆ ಇರುವುದು ಬೇರೆ ಕಡೆ. ಚೆಂಡು ನಡುವೆ ತಗಲದೆ ಅಂಚಿಗೆ ತಗಲಿದರೆ ತಲೆ ತಿರುಚಿಕೊಳ್ಳುತ್ತದೆ, ವೇಗ ಸೋರುತ್ತದೆ. ಹಗ್ಗದ ಮೇಲೆ ನಡೆಯುವ ಡೊಂಬರ ಹುಡುಗಿ ಉದ್ದನೆಯ ಗಳ ಏಕೆ ಹಿಡಿಯುತ್ತಾಳೆ? ತೂಕ ನಡುವಿನಿಂದ ದೂರ ಹರಡಿದಷ್ಟೂ ವಸ್ತು ಸುಲಭವಾಗಿ ತಿರುಗದು. ಭೌತಶಾಸ್ತ್ರದಲ್ಲಿ ಇದಕ್ಕೆ ಜಡತ್ವ ಭ್ರಾಮಕ ಎನ್ನುತ್ತಾರೆ. ದೊಡ್ಡ ಟೊಳ್ಳು ತಲೆಯ ಅಂಚುಗಳಿಗೆ ತೂಕ ಹಂಚಿದ ಕೋಲು ತಪ್ಪು ಹೊಡೆತವನ್ನು ಒಂದಿಷ್ಟು ಕ್ಷಮಿಸುತ್ತದೆ. ನುರಿತವರಿಗಿಂತ ಕಲಿಯುವವರಿಗೇ ಇದರಿಂದ ಹೆಚ್ಚು ಉಪಯೋಗ.

ಪರೀಕ್ಷೆ ಮಾಡುವ ಬಗೆ

ಜೆ.ಪಿ. ನಗರದಿಂದ ಕೋರಮಂಗಲ ದಾಟಿ ಒಳವರ್ತುಲ ರಸ್ತೆ ಹಿಡಿದರೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ದೂರವಲ್ಲ. ಅಲ್ಲಿನ ಅಭ್ಯಾಸದ ಜಾಗದಲ್ಲಿ ಜನ ಚೆಂಡು ಹೊಡೆಯುವುದನ್ನು ಕಂಡೇ ಐದು ವರ್ಷದ ಅದಿತಿಗೆ ಆಟದ ಹುಚ್ಚು ಹಿಡಿದದ್ದು. ಇಂಥ ಜಾಗಗಳಲ್ಲಿ ಹೊಸ ಕೋಲನ್ನು ಪರೀಕ್ಷಿಸುವವರನ್ನು ಗಮನಿಸಿ. ಐದಾರು ಚೆಂಡು ಹೊಡೆಯುತ್ತಾರೆ. ಒಂದು ಅದ್ಭುತವಾಗಿ ಹಾರುತ್ತದೆ. ಅದೊಂದೇ ನೆನಪಿನಲ್ಲಿ ಉಳಿಯುತ್ತದೆ. ಉಳಿದದ್ದಕ್ಕೆ 'ಕಾಲು ಸರಿಯಾಗಿ ಇಟ್ಟಿರಲಿಲ್ಲ' ಎಂಬ ಸಮಾಧಾನ.

ಒಂದು ಕಲ್ಪಿತ ಉದಾಹರಣೆ ನೋಡಿ. ಹಳೆಯ ಕೋಲಿನಿಂದ ಐದು ಹೊಡೆತ: 205, 207, 203, 206, 204 ಗಜ. ಹೊಸದರಿಂದ: 228, 190, 212, 181, 209. ಮನೆಗೆ ಹೋಗಿ ಹೇಳುವುದು 228ರ ಕತೆಯನ್ನು. ಆದರೆ ಸರಾಸರಿ ತೆಗೆದರೆ ಹಳೆಯದು 205, ಹೊಸದು 204! ಅದಕ್ಕಿಂತ ಮುಖ್ಯ, ಹೊಸದರ ಚೆಂಡುಗಳು 47 ಗಜದ ಅಂತರದಲ್ಲಿ ಚದುರಿವೆ. ನಿಜವಾದ ಆಟದಲ್ಲಿ ಅವುಗಳಲ್ಲಿ ಒಂದೆರಡು ಮರಳಿನ ಗುಂಡಿಯಲ್ಲೋ ಕೆರೆಯಲ್ಲೋ ಇರುತ್ತವೆ.

ತೂಗಿ ನೋಡುವವರು ಮಾಡುವುದೇ ಬೇರೆ. ಎರಡಕ್ಕೂ ಒಂದೇ ಜಾತಿಯ ಹೊಸ ಚೆಂಡು. ಹಳೆಯದರಲ್ಲಿ ಹದಿನೈದು, ಆಮೇಲೆ ಹೊಸದರಲ್ಲಿ ಹದಿನೈದು ಹೊಡೆದರೆ ಮೋಸ. ಮೊದಲನೆಯದಕ್ಕೆ ಮೈ ಬಿಸಿಯಾಗಿರುವುದಿಲ್ಲ, ಎರಡನೆಯದಕ್ಕೆ ತೋಳು ಸೋತಿರುತ್ತದೆ. ಮೂರು ಮೂರರಂತೆ ಸರದಿ ಬದಲಿಸುತ್ತಾರೆ. ಮುಖಕ್ಕೆ ಟಾಲ್ಕಂ ಪೌಡರ್ ಸವರಿ ಚೆಂಡು ಎಲ್ಲಿ ತಗಲಿತೆಂದು ಗುರುತು ನೋಡುತ್ತಾರೆ. ರಡಾರ್ ಯಂತ್ರವಿದ್ದರೆ ಚೆಂಡಿನ ವೇಗ, ಏರುವ ಕೋನ, ಸುತ್ತುವಿಕೆ ಮೂರನ್ನೂ ಬರೆದುಕೊಳ್ಳುತ್ತಾರೆ, ಕೆಟ್ಟ ಹೊಡೆತವನ್ನೂ ಬಿಡದೆ. ಮನುಷ್ಯನ ಏರುಪೇರೇ ಬೇಡವೆಂದು ಅಮೆರಿಕದಲ್ಲಿ 1960ರ ದಶಕದಲ್ಲೇ ಕೋಲು ಬೀಸುವ ಯಂತ್ರವೊಂದನ್ನು ಮಾಡಿದರು; ಬೈರನ್ ನೆಲ್ಸನ್ ಎಂಬ ಆಟಗಾರನ ಬೀಸನ್ನು ಅನುಸರಿಸಿದ್ದರಿಂದ ಅದಕ್ಕೆ 'ಐರನ್ ಬೈರನ್' ಎಂದೇ ಹೆಸರಾಯಿತು.

ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇಕಡ 8-9ರಷ್ಟು ಕಡಿಮೆ. ಗಾಳಿಯ ತಡೆ ಕಡಿಮೆಯಾದ್ದರಿಂದ ಚೆನ್ನೈಯಲ್ಲಿ 200 ಗಜ ಹೋಗುವ ಹೊಡೆತ ಇಲ್ಲಿ ಆರೇಳು ಗಜ ಹೆಚ್ಚು ಹೋಗುತ್ತದೆ. ಚೆನ್ನೈಯಲ್ಲಿ ಹಳೆಯ ಕೋಲು ಆಡಿ ಬಂದು ಇಲ್ಲಿ ಹೊಸದನ್ನು ಕೊಂಡವರು ಆ ಆರೇಳು ಗಜವನ್ನು ಅಂಗಡಿಯವನ ಲೆಕ್ಕಕ್ಕೆ ಬರೆಯುತ್ತಾರೆ, ಊರಿನ ಲೆಕ್ಕಕ್ಕಲ್ಲ.

ಈ ಆಟ ದುಡ್ಡಿನವರದು ಎಂಬ ಮಾತು ಸುಳ್ಳೇನಲ್ಲ. ಆದರೂ ಬಿಡದಿ ಬಳಿಯ ಈಗಲ್‌ಟನ್ ಗಾಲ್ಫ್ ರೆಸಾರ್ಟಿನ ಪಕ್ಕದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರನಾಗಿ ಬೆಳೆದದ್ದುಂಟು. ತರಬೇತುದಾರ ವಿಜಯ್ ದಿವೇಚಾ ಅವನಲ್ಲಿ ಕಂಡದ್ದು ಚೀಲದಲ್ಲಿದ್ದ ಕೋಲುಗಳನ್ನಲ್ಲ. ಮಗ ಕೇಳಿದನೆಂದು ಸಾಲ ಮಾಡಿ ಡ್ರೈವರ್ ಕೊಡಿಸಲು ಹೊರಟ ತಂದೆತಾಯಿ ಮೊದಲು ಅವನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಇಂಥ ಮೂವತ್ತು ಹೊಡೆತಗಳ ಲೆಕ್ಕ ಬರೆದು ತಾ ಎಂದರೆ ತಪ್ಪೇನಿಲ್ಲ. ಇದೇ ನೋಟ್‌ಬುಕ್ ಕ್ರಿಕೆಟ್ ಬ್ಯಾಟಿಗೂ ನಡೆಯುತ್ತದೆ, ಓಟದ ಬೂಟಿಗೂ ನಡೆಯುತ್ತದೆ.

ಅದಿತಿಯ ಕತೆ ಟೋಕಿಯೊದಲ್ಲಿ ಮುಗಿಯಲಿಲ್ಲ. ಹೊಡೆತದ ದೂರ ಹೆಚ್ಚಿಸಿಕೊಳ್ಳಲು ಅವರು ಶ್ರಮಪಟ್ಟರು. 2023ರಲ್ಲಿ ಕೀನ್ಯಾದಲ್ಲೂ ಸ್ಪೇನಿನಲ್ಲೂ ಯೂರೋಪಿಯನ್ ಟೂರ್‌ನ ಪ್ರಶಸ್ತಿ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಪಡೆದು, ಏಷ್ಯಾಡ್ ಗಾಲ್ಫ್‌ನಲ್ಲಿ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಕೊನೆಯ ಸುತ್ತಿಗೆ ಮುನ್ನ ಏಳು ಹೊಡೆತಗಳಿಂದ ಮುಂದಿದ್ದೂ ಚಿನ್ನ ಕೈತಪ್ಪಿತೆಂಬುದು ಬೇರೆ ಮಾತು. ಅಂಥ ದಿನದ ಏರುಪೇರನ್ನು ಯಾವ ಲೋಲಕವೂ ಅಳೆಯುವುದಿಲ್ಲ.

ಲೋಲಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ತೆಳು ಮುಖ ಸಾವಿರಾರು ಹೊಡೆತ ತಿಂದು ಸವೆದು ಇನ್ನೂ ಹೆಚ್ಚು ಬಾಗುವಂತಾಗುವುದುಂಟು. ಕೊಂಡಾಗ ನಿಯಮದೊಳಗಿದ್ದ ಕೋಲು, ಆಡುತ್ತಾ ಆಡುತ್ತಾ ನಿಯಮದ ಹೊರಗೆ ಹೋಗುತ್ತದೆ. 2019ರ ಬ್ರಿಟಿಷ್ ಓಪನ್‌ನಲ್ಲಿ ಕ್ಸಾಂಡರ್ ಶಾಫೆಲೆ ಅವರ ಡ್ರೈವರ್ ಹೀಗೆ ಪರೀಕ್ಷೆಯಲ್ಲಿ ಬಿತ್ತು. 2025ರ ಮೇ ತಿಂಗಳಲ್ಲಿ ಅಮೆರಿಕದ ಪಿ.ಜಿ.ಎ. ಚಾಂಪಿಯನ್‌ಷಿಪ್‌ಗೆ ಮೊದಲು ರೋರಿ ಮೆಕಿಲ್‌ರಾಯ್ ಅವರದೂ, ವಿಶ್ವದ ಒಂದನೇ ಆಟಗಾರ ಸ್ಕಾಟಿ ಶೆಫ್ಲರ್ ಅವರದೂ ಬಿದ್ದವು. ಶೆಫ್ಲರ್ ಕೈಗೆ ಪಳಗಿದ್ದ ಕೋಲನ್ನು ಬದಿಗಿಟ್ಟು, ಬದಲಿ ಡ್ರೈವರ್ ಹಿಡಿದು ಆಡಿದರು. ಐದು ಹೊಡೆತಗಳ ಅಂತರದಿಂದ ಗೆದ್ದರು.