ಹೋಟೆಲಿನಲ್ಲಿ ‘ಇದರ ಬದಲು ಅದು’ ಕೇಳುವಾಗ

ಕುಟುಂಬ ಸಮೇತ ಹೋಟೆಲಿಗೆ ಹೋಗುವುದು ಈಗ ಅಪರೂಪದ ಸಂಗತಿಯೇನಲ್ಲ. ಮೇಜಿನ ಮುಂದೆ ಕುಳಿತ ಕೂಡಲೇ ಬೇಡಿಕೆಗಳೂ ಆರಂಭವಾಗುತ್ತವೆ. ಚಪಾತಿಯ ಬದಲು ಪೂರಿ, ಮಜ್ಜಿಗೆಯ ಬದಲು ಮೊಸರು, ಮಗುವಿಗೆ ಖಾರವಿಲ್ಲದ ಸಾರು, ಅಜ್ಜಿಗೆ ಎಣ್ಣೆಯಿಲ್ಲದ ದೋಸೆ. ಹೀಗೆ ಕೇಳುವುದು ತಪ್ಪೇ? ಖಂಡಿತ ಅಲ್ಲ. ಆದರೆ ಕೇಳುವುದಕ್ಕೂ ಒಂದು ಅದಬ್ ಇದೆ. ಬಿಸ್ಮಿಲ್ಲಾಹ್ ಹೇಳಿ ಬಲಗೈಯಿಂದ ಉಣ್ಣಬೇಕೆಂದು ಮಕ್ಕಳಿಗೆ ಕಲಿಸುವ ನಾವು ಇದನ್ನೇಕೋ ಕಲಿಸುವುದಿಲ್ಲ.

ಪ್ರವಾದಿ(ಸ)ರು ಆಹಾರವನ್ನು ಎಂದೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲದಿದ್ದರೆ ಬಿಟ್ಟುಬಿಡುತ್ತಿದ್ದರು ಎಂಬುದು ನಿಮಗೆ ತಿಳಿದದ್ದೇ. ಆದರೆ ಬೇಡವಾದುದನ್ನೂ ಬಾಯಿ ಮುಚ್ಚಿ ತಿನ್ನಬೇಕು ಎಂಬುದು ಅದರ ಅರ್ಥವಲ್ಲ. ಹ. ಮೈಮೂನಾ(ರ)ರ ಮನೆಯಲ್ಲಿ ಒಮ್ಮೆ ಉಡದಂತಹ ಮರುಭೂಮಿಯ ಪ್ರಾಣಿಯೊಂದರ ಸುಟ್ಟ ಮಾಂಸವನ್ನು ಬಡಿಸಲಾಯಿತು. ಪ್ರವಾದಿ(ಸ)ರು ಕೈ ಹಿಂತೆಗೆದರು. ಇದು ಹರಾಮೇ ಎಂದು ಹ. ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತನ್ನ ಜನರ ನಾಡಿನಲ್ಲಿ ಇದು ಇಲ್ಲದ್ದರಿಂದ ಮನಸ್ಸು ಒಪ್ಪುತ್ತಿಲ್ಲ ಎಂದರು. ಖಾಲಿದ್(ರ) ಅದನ್ನು ತನ್ನತ್ತ ಎಳೆದುಕೊಂಡು ಉಂಡರು (ಬುಖಾರಿ, ಮುಸ್ಲಿಮ್). ಕಾರಣ ಹೇಳಿದ್ದಾಯಿತು, ಅಡುಗೆಯನ್ನು ದೂರಲಿಲ್ಲ, ಪಕ್ಕದಲ್ಲಿ ಉಣ್ಣುವವರ ರುಚಿಯನ್ನೂ ಕೆಡಿಸಲಿಲ್ಲ.

ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರದ್ದು. ಅಬೂ ಶುಐಬ್(ರ) ಎಂಬ ಅನ್ಸಾರಿ ಸಹಾಬಿ ಪ್ರವಾದಿ(ಸ)ರನ್ನು ಸೇರಿಸಿ ಐವರನ್ನು ಊಟಕ್ಕೆ ಕರೆದಿದ್ದರು. ದಾರಿಯಲ್ಲಿ ಆರನೆಯವರೊಬ್ಬರು ಹಿಂಬಾಲಿಸಿದರು. ಪ್ರವಾದಿ(ಸ)ರು ಅದನ್ನು ಆತಿಥೇಯರಿಗೆ ತಿಳಿಸಿ, ಬೇಕಿದ್ದರೆ ಇವರಿಗೆ ಅನುಮತಿ ಕೊಡಿ, ಇಲ್ಲವಾದರೆ ಇವರು ಮರಳುತ್ತಾರೆ ಎಂದರು. ಇಲ್ಲ ಎನ್ನಲು ಆತಿಥೇಯರಿಗೆ ದಾರಿ ತೆರೆದಿಟ್ಟೇ ಕೇಳಿದರು.

ಹೋಟೆಲಿನ ಸಪ್ಲಾಯರ್‌ನೊಡನೆ ನಾವು ಹಾಗೆ ಕೇಳುತ್ತೇವೆಯೇ? ಆತನ ಕೈಯಲ್ಲಿ ಸೌಟೂ ಇಲ್ಲ, ಗಲ್ಲಾವೂ ಇಲ್ಲ. ಒಳಗೆ ಭಟ್ಟರ ಗದರಿಕೆ, ಹೊರಗೆ ನಮ್ಮ ಗದರಿಕೆ. “ಸ್ವಲ್ಪ ಒಳಗೆ ಕೇಳಿ ನೋಡುತ್ತೀರಾ? ಆಗದಿದ್ದರೆ ಬೇರೆ ಹೇಳುತ್ತೇವೆ” ಎಂದರೆ ಆತನ ಅರ್ಧ ಭಾರ ಇಳಿಯುತ್ತದೆ.

ಏನು ಸಾಧ್ಯ, ಏನು ಅಸಾಧ್ಯ ಎಂದು ಅಡುಗೆ ಬಲ್ಲ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ಕಾವಲಿಯ ಮೇಲೆ ಆಗಲೇ ತಯಾರಾಗುವುದನ್ನು ಬದಲಿಸಬಹುದು. ದೋಸೆಗೆ ಎಣ್ಣೆಯ ಬದಲು ತುಪ್ಪ ಹಾಕಬಹುದು. ಕೋಳಿ ಸಾರಿನ ಜೊತೆ ರೊಟ್ಟಿಯ ಬದಲು ನೀರ್ ದೋಸೆ ಕೊಡುವುದೂ ಸುಲಭವೇ. ಆದರೆ ಮಸಾಲೆ ದೋಸೆಯ ಪಲ್ಯಕ್ಕೆ ಈರುಳ್ಳಿ ಮೊದಲೇ ಬಿದ್ದಿರುತ್ತದೆ, ಅದನ್ನು ಹೆಕ್ಕಿ ತೆಗೆಯಲು ಯಾರಿಂದಲೂ ಆಗದು. ದಮ್ ಬಿರಿಯಾನಿಯ ಒಂದೇ ಪಾತ್ರೆಯಿಂದ ನಿಮ್ಮ ತಟ್ಟೆಗೆ ಮಾತ್ರ ಖಾರ ಕಡಿಮೆ ಮಾಡಿ ಎನ್ನುವುದೂ ಅಷ್ಟೇ.

ವ್ಯಾಪಾರವು ಪರಸ್ಪರ ಒಪ್ಪಿಗೆಯಿಂದ ನಡೆಯಬೇಕೆಂಬುದು ಕುರ್‌ಆನಿನ ಆದೇಶ (4:29). ಫಿಕ್‌ಹ್‌ನಲ್ಲಿ ಇದಕ್ಕೆ ಈಜಾಬ್ ಮತ್ತು ಕಬೂಲ್ ಎನ್ನುತ್ತಾರೆ. ಒಬ್ಬನ ಪ್ರಸ್ತಾಪ, ಇನ್ನೊಬ್ಬನ ಸ್ವೀಕಾರ. ಆದ್ದರಿಂದ ಬದಲಾವಣೆಯ ಮಾತೆಲ್ಲ ಆರ್ಡರ್ ಕೊಡುವ ಮೊದಲೇ ಆಗಬೇಕು. ಬದಲಿಗೆ ಹೆಚ್ಚು ದರ ಎಂದಾದರೆ ಅದನ್ನೂ ಆಗಲೇ ಕೇಳಿಕೊಳ್ಳಿ. ನೀವು ಹೇಳಿದಂತೆಯೇ ತಯಾರಾಗಿ ಬಂದ ತಟ್ಟೆಯನ್ನು ನೋಡಿ ಮನಸ್ಸು ಬದಲಾದರೆ ಅದರ ಹಣವನ್ನು ಹೋಟೆಲಿನವರು ಯಾಕೆ ಕಳೆದುಕೊಳ್ಳಬೇಕು? ಹೇಳಿದ್ದೇ ಒಂದು, ಬಂದದ್ದೇ ಇನ್ನೊಂದು ಆದರೆ ಮಾತ್ರ ಹಿಂದಿರುಗಿಸಲು ನಿಮಗೆ ಹಕ್ಕಿದೆ.

ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಬದನೆಕಾಯಿ ಸೇರದಿದ್ದರೆ ಸೇರುವುದಿಲ್ಲ ಎಂದರೆ ಸಾಕು. ‘ಅಲರ್ಜಿ’ ಎಂದುಬಿಟ್ಟರೆ ಬೇಗ ಕೆಲಸವಾಗುತ್ತದೆಂದು ಕೆಲವರು ಕಂಡುಕೊಂಡಿದ್ದಾರೆ. ಇದು ಸುಳ್ಳು. ಅದರ ಬೆಲೆ ತೆರುವವನು ಬೇರೆಯವನು. ನಿಜವಾಗಿಯೂ ನೆಲಗಡಲೆ ಆಗದ ಮಗುವಿಗೆ ಒಂದೆರಡು ಕಾಳೇ ಉಸಿರುಗಟ್ಟಿಸಬಹುದು. ಪ್ರತಿ ಮೇಜಿನಿಂದಲೂ ಸುಳ್ಳು ಅಲರ್ಜಿ ಕೇಳಿ ದಣಿದ ಅಡುಗೆಯವನು ಆ ತಾಯಿಯ ಮಾತನ್ನೂ ಹಗುರವಾಗಿ ತೆಗೆದುಕೊಂಡರೆ?

ನಿಜವಾದ ತೊಂದರೆ ಇದ್ದವರು ಮಾತ್ರ ಸಂಕೋಚಪಡಬಾರದು. ಚಟ್ನಿಗೆ ನೆಲಗಡಲೆ ಹಾಕಿದ್ದೀರಾ, ಕರಿದ ಎಣ್ಣೆ ಯಾವುದು ಎಂದು ಬಿಡಿಸಿ ಕೇಳಿ. ಗೋಧಿ ಆಗದವರು ಸಾಂಬಾರಿನ ಇಂಗಿನ ಬಗ್ಗೆಯೂ ವಿಚಾರಿಸಲಿ, ಏಕೆಂದರೆ ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ನೀಡಬೇಕೆಂದು 2020ರ ಕೇಂದ್ರ ನಿಯಮವಿದೆ. ಸಣ್ಣ ಹೋಟೆಲಿನಲ್ಲಿ ಬಾಯಿಬಿಟ್ಟೇ ಕೇಳಬೇಕು. ಮಾಂಸ ಹಲಾಲೇ ಎಂಬ ವಿಚಾರಣೆಯೂ ಹೀಗೆಯೇ, ಕುಳಿತುಕೊಳ್ಳುವ ಮೊದಲು ಗಲ್ಲಾದ ಬಳಿ ಮೆಲುದನಿಯಲ್ಲಿ ಆಗಲಿ. ಉತ್ತರ ತೃಪ್ತಿಕರವಲ್ಲದಿದ್ದರೆ ಚಹಾ ಕುಡಿದು ಎದ್ದು ಬರಬಹುದು, ಭಾಷಣ ಬೇಕಾಗಿಲ್ಲ.

ಶುಕ್ರವಾರ ಜುಮುಆದ ನಂತರ, ರಮಝಾನಿನಲ್ಲಿ ಮಗ್ರಿಬ್ ಹೊತ್ತಿಗೆ ಹೋಟೆಲು ಕಿಕ್ಕಿರಿದಿರುವಾಗ ಬರೀ ರುಚಿಗಾಗಿ ಬದಲಾವಣೆ ಕೇಳದಿರುವುದೇ ಲೇಸು. ಒಳಗಿನಿಂದ ‘ಆಗುವುದಿಲ್ಲ’ ಎಂಬ ಉತ್ತರ ಬಂದರೆ ಮುಖ ಗಂಟಿಕ್ಕಬೇಡಿ. ಪ್ರವಾದಿ(ಸ)ರು ಮನೆಯಲ್ಲಿ ರೊಟ್ಟಿಗೆ ಸಾರು ಕೇಳಿದಾಗ ವಿನೆಗರ್ ಬಿಟ್ಟು ಬೇರೇನೂ ಇಲ್ಲ ಎಂಬ ಉತ್ತರ ಬಂದಿತ್ತು. ಅವರು ಅದನ್ನೇ ತರಿಸಿ, ಹೊಗಳುತ್ತಾ ಉಂಡರು (ಮುಸ್ಲಿಮ್). ಮಗುವಿಗೆ ಖಾರ ಹೆಚ್ಚೆನಿಸಿದರೆ ಒಂದು ಕಪ್ ಮೊಸರು ತರಿಸಿ, ಅನ್ನಕ್ಕೆ ಕಲಸಿ ಕೊಡಿ.