ಒಂದು ಹನಿ ರಕ್ತ ನಾಳೆಯನ್ನು ಹೇಳೀತೇ?

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ನಿಮ್ಮ ವಯಸ್ಸಿನವನೇ. ಎರಡು ವಾರದ ಹಿಂದೆ ಅವನಿಗೆ ಭೇದಿಯಾಗಿತ್ತು. ಮೂರು ದಿನದಲ್ಲಿ ವಾಸಿಯೂ ಆಯಿತು. ಮೊನ್ನೆ ಬೆಳಿಗ್ಗೆ ಪಾದಗಳಲ್ಲಿ ಜುಮುಜುಮು. ಸಂಜೆಗೆ ಮೆಟ್ಟಿಲು ಹತ್ತಲು ಕಷ್ಟ. ಮರುದಿನ ಕುಳಿತಲ್ಲಿಂದ ಏಳಲಾಗಲಿಲ್ಲ. ಇಂದು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾನೆ. ಕೈ ಎತ್ತುವುದೂ ಅಸಾಧ್ಯ. ಆದರೆ ಪ್ರಜ್ಞೆ ಪೂರ್ತಿ ಇದೆ. ಸುತ್ತಲಿನವರ ಮಾತೆಲ್ಲ ಕೇಳಿಸುತ್ತದೆ, ಅರ್ಥವಾಗುತ್ತದೆ. ಬಾಗಿಲ ಹೊರಗೆ ನಿಂತ ತಾಯಿ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ನಮ್ಮ ಹುಡುಗ ಮತ್ತೆ ನಡೀತಾನಾ?"

ಬೆಳಿಗ್ಗೆಯಷ್ಟೇ ಅವನ ತೋಳಿನಿಂದ ನಾಲ್ಕಾರು ಟ್ಯೂಬು ರಕ್ತ ತೆಗೆದಿದ್ದಾರೆ. ತಾಯಿಯ ಪ್ರಶ್ನೆಗೆ ಆ ರಕ್ತದಲ್ಲಿ ಉತ್ತರವಿದೆಯೇ? ಇದೆ ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಹೇಗೆಂದು ನೋಡೋಣ. ಕೆಲವೆಡೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬೇಕಾದೀತು. ಅಂಥದ್ದನ್ನು ಪರದೆಯ ಮೇಲೆ ಮಾತಿನಲ್ಲಿ ಮುಗಿಸುವುದಕ್ಕಿಂತ ಪುಟದ ಮೇಲೆ ನೋಡುವುದೇ ಮೇಲು.

ಈ ಕಾಯಿಲೆಗೆ ಗಿಯಾನ್-ಬಾರೆ ಸಿಂಡ್ರೋಮ್ ಎಂದು ಹೆಸರು. ನಮ್ಮ ಪತ್ರಿಕೆಗಳು ಇದನ್ನು ಹತ್ತು ಬಗೆಯಾಗಿ ಬರೆಯುತ್ತವೆ, ಆಸ್ಪತ್ರೆಗಳಲ್ಲಿ ಜಿ.ಬಿ.ಎಸ್. ಎಂದರೆ ಸಾಕು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಗಿಯಾನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಹೀಗೆ ಬಲಗುಂದಿದ ಇಬ್ಬರು ಸೈನಿಕರ ವಿವರ ಪ್ರಕಟಿಸಿದರು. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಪ್ರೋಟೀನು ಹೆಚ್ಚಿತ್ತು, ಆದರೆ ಸೋಂಕಿನಲ್ಲಿ ಕಾಣುವಂತೆ ಕಣಗಳು ಹೆಚ್ಚಿರಲಿಲ್ಲ. ಆ ಪರೀಕ್ಷೆ ಇಂದಿಗೂ ಉಪಯೋಗದಲ್ಲಿದೆ. (ಮೂರನೆಯವರ ಹೆಸರು ಮಾತ್ರ ರೋಗದ ಹೆಸರಿನಿಂದ ಬಿಟ್ಟುಹೋಯಿತು.) ಇದು ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ರೋಗ. ಅಪರೂಪವೆನಿಸಬಹುದು. ಆದರೆ 6 ಕೋಟಿಗೂ ಮಿಕ್ಕಿ ಜನರಿರುವ ಕರ್ನಾಟಕಕ್ಕೆ ಇದೇ ಪ್ರಮಾಣವನ್ನು ಗುಣಿಸಿ ನೋಡಿ: ವರ್ಷಕ್ಕೆ ಕಡಿಮೆಯೆಂದರೂ 600 ಮನೆಗಳು. ಕೆಲವೊಮ್ಮೆ ಗುಂಪಾಗಿಯೂ ಬರುತ್ತದೆ. 2025ರ ಜನವರಿ-ಫೆಬ್ರವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಶಂಕಿತ ಪ್ರಕರಣಗಳು 200 ದಾಟಿದವು. ಕಲುಷಿತ ನೀರಿನ ಮೇಲೆ ಅನುಮಾನ ಬಿತ್ತು. ಕೇಂದ್ರ ಸರ್ಕಾರ ಕಳಿಸಿದ ತಂಡದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಜ್ಞರೂ ಇದ್ದರು.

ನೀರಿಗೂ ನರಕ್ಕೂ ಏನು ಸಂಬಂಧ? ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಗೆ ಸೇರಿ ಭೇದಿ ತರಿಸುತ್ತದೆ. ಅದರ ಕೆಲವು ತಳಿಗಳ ಹೊರಮೈಯಲ್ಲಿರುವ ಸಕ್ಕರೆಯ ಸರಪಳಿಗಳು ನಮ್ಮ ನರಗಳ ಮೇಲಿರುವ ಜಿ.ಎಮ್.1 ಎಂಬ ವಸ್ತುವನ್ನು ಹೋಲುತ್ತವೆ. ದೇಹ ಬ್ಯಾಕ್ಟೀರಿಯಾದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಕಳ್ಳನನ್ನು ಅಂಗಿಯ ಬಣ್ಣದಿಂದ ಗುರುತಿಟ್ಟುಕೊಂಡ ಕಾವಲುಗಾರನಂತೆ. ಅದೇ ಬಣ್ಣದ ಅಂಗಿ ತೊಟ್ಟ ಮನೆಯವನಿಗೂ ಏಟು ಬೀಳುತ್ತದೆ. ಭೇದಿ ನಿಂತ ಮೇಲೆ ನರಗಳ ಮೇಲೆ ದಾಳಿ ಮೊದಲಾಗುವುದು ಹೀಗೆ.

ಮನೆಯ ವಿದ್ಯುತ್ ವೈರನ್ನು ನೆನಪಿಸಿಕೊಳ್ಳಿ. ಹೊರಗೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ತಾಮ್ರದ ತಂತಿ. ನರದಲ್ಲಿ ಹೊದಿಕೆಗೆ ಮೈಲಿನ್ ಎಂದೂ ಒಳತಂತುವಿಗೆ ಆಕ್ಸಾನ್ ಎಂದೂ ಹೆಸರು. ದಾಳಿ ಹೊದಿಕೆಗಷ್ಟೇ ತಗುಲಿದರೆ ಸಾಮಾನ್ಯವಾಗಿ ವಾರಗಳಲ್ಲಿ, ತಿಂಗಳುಗಳಲ್ಲಿ ಅದು ಮತ್ತೆ ಬೆಳೆಯುತ್ತದೆ. ತಂತುವೇ ತುಂಡಾದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ತೆವಳಿಕೊಂಡು ಬೆಳೆಯಬೇಕು. ಸೊಂಟದಿಂದ ಪಾದದವರೆಗೆ ಒಂದು ಮೀಟರು ಎಂದಿಟ್ಟುಕೊಳ್ಳಿ: 1,000 ದಿನ, ಹತ್ತಿರ ಹತ್ತಿರ ಮೂರು ವರ್ಷ. ಅಷ್ಟರಲ್ಲಿ ಸ್ನಾಯು ಕೃಶವಾಗಿರುತ್ತದೆ. ತಾಯಿಯ ಪ್ರಶ್ನೆ ವಾಸ್ತವವಾಗಿ ಇದೇ: ಹೋಗಿರುವುದು ಹೊದಿಕೆಯೋ, ತಂತಿಯೋ?

ಚಿಕಿತ್ಸೆ ಎರಡು ಬಗೆಯದು. ಪ್ರತಿಕಾಯಗಳಿರುವ ರಕ್ತದ್ರವವನ್ನು ಯಂತ್ರದ ಮೂಲಕ ಹೊರತೆಗೆದು ಬೇರೆ ದ್ರವ ತುಂಬುವ ಪ್ಲಾಸ್ಮಾ ವಿನಿಮಯ ಒಂದು. 1985ರ ಉತ್ತರ ಅಮೆರಿಕದ ದೊಡ್ಡ ಪ್ರಯೋಗದಿಂದ ಅದರ ಉಪಯೋಗ ಖಚಿತವಾಯಿತು. ದಾನಿಗಳ ರಕ್ತದಿಂದ ಬೇರ್ಪಡಿಸಿದ ಇಮ್ಯುನೊಗ್ಲಾಬ್ಯುಲಿನ್ನನ್ನು ರಕ್ತನಾಳದ ಮೂಲಕ ಕೊಡುವುದು ಇನ್ನೊಂದು. 1992ರ ಡಚ್ ಪ್ರಯೋಗ ಇದೂ ಅದಕ್ಕೆ ಸಮವೆಂದು ತೋರಿಸಿತು. ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ, ಐದು ದಿನ. 60 ಕಿಲೋದ ಹುಡುಗನಿಗೆ ಒಟ್ಟು 120 ಗ್ರಾಂ. ಒಂದು ತಂಡದ ಔಷಧಿಗೆ ಸಾವಿರಕ್ಕೂ ಹೆಚ್ಚು ದಾನಿಗಳ ರಕ್ತದ್ರವ ಬೇಕು. ಬೆಲೆ ಲಕ್ಷಗಳಲ್ಲಿ. ಇದಕ್ಕಾಗಿ ಒಡವೆ ಅಡವಿಡುವ ಮನೆಯವರಿಗೆ ರಕ್ತಪರೀಕ್ಷೆ ಮುಂದಿನದನ್ನು ಹೇಳಬಲ್ಲುದೋ ಇಲ್ಲವೋ ಎಂಬುದು ಪುಸ್ತಕದ ಪ್ರಶ್ನೆಯಲ್ಲ.

ಈಗ ಸ್ವಲ್ಪ ಆಶ್ಚರ್ಯದ ಸಂಗತಿ. ಈ ರೋಗದಲ್ಲಿ ಮುಂದೇನಾದೀತೆಂದು ಹೇಳಲು ಜಗತ್ತಿನಾದ್ಯಂತ ವೈದ್ಯರು ಹೆಚ್ಚಾಗಿ ಬಳಸುವ ಅಳತೆಗೋಲುಗಳಲ್ಲಿ ರಕ್ತಪರೀಕ್ಷೆಯೇ ಇಲ್ಲ! ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನ ವೈದ್ಯರು ಇವನ್ನು ರೂಪಿಸಿದರು. ರೋಗಿಯ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹರಡು — ಈ ಆರು ಕಡೆಯ ಬಲವನ್ನು ಎರಡೂ ಬದಿ ಕೈಯಿಂದ ಒತ್ತಿ ನೋಡಿ, 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಪೂರ್ತಿ ಬಲವಿದ್ದರೆ 60. ಈ ಅಂಕ, ಬಲ ಕುಂದಲು ತೊಡಗಿ ಆಸ್ಪತ್ರೆ ಸೇರುವವರೆಗೆ ಕಳೆದ ದಿನಗಳು, ಮುಖದ ಅಥವಾ ನುಂಗುವ ಸ್ನಾಯುಗಳ ದೌರ್ಬಲ್ಯ — ಇಷ್ಟನ್ನು ಸೇರಿಸಿದರೆ ಮೊದಲ ವಾರದಲ್ಲಿ ವೆಂಟಿಲೇಟರ್ ಬೇಕಾಗುವ ಸಂಭವ ಎಷ್ಟೆಂದು ತಿಳಿಯುತ್ತದೆ (2010). ವಯಸ್ಸು, ಮೊದಲು ಭೇದಿಯಾಗಿತ್ತೇ ಎಂಬುದು ಮತ್ತು ಇದೇ ಬಲದ ಅಂಕ ಸೇರಿದರೆ ಆರು ತಿಂಗಳ ನಂತರ ತಾನಾಗಿ ನಡೆಯಲಾರದೆ ಉಳಿಯುವ ಸಂಭವ (2011). ಸುಮಾರು ನಾಲ್ಕರಲ್ಲೊಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಸುಮಾರು ಐದರಲ್ಲೊಬ್ಬರು ಆರು ತಿಂಗಳಾದರೂ ಆಸರೆಯಿಲ್ಲದೆ ನಡೆಯಲಾರರು. ಅಂದರೆ ಐದರಲ್ಲಿ ನಾಲ್ವರು ನಡೆಯುತ್ತಾರೆ. ತಾಯಿಗೆ ಮೊದಲು ಹೇಳಬೇಕಾದ್ದು ಈ ಎರಡನೆಯ ವಾಕ್ಯವೆಂದು ನನ್ನ ಅಭಿಪ್ರಾಯ.

ಹಾಗಾದರೆ ರಕ್ತವೇಕೆ? ಕೈಯ ಪರೀಕ್ಷೆ ಸ್ನಾಯು ಎಷ್ಟು ಸೋತಿದೆ ಎಂದು ಹೇಳುತ್ತದೆ; ನರ ಎಷ್ಟು ಕೆಟ್ಟಿದೆ ಎಂದು ಹೇಳದು. ಹೊದಿಕೆ ಹೋದರೂ ತಂತಿ ಹೋದರೂ ಕಾಲು ಒಂದೇ ರೀತಿ ಬೀಳುತ್ತದಲ್ಲ!

ಪ್ರತಿಕಾಯಗಳ ಪ್ರಮಾಣ ಅಳೆದರಾಗದೇ ಎಂದು ನೀವು ಕೇಳಬಹುದು. ಸಹಜವಾದ ಪ್ರಶ್ನೆ. ಆದರೆ ಪ್ರತಿಕಾಯ ಇದೆ ಎಂದಾಕ್ಷಣ ಫಲ ಒಂದೇ ಅಲ್ಲ. ಜಿ.ಎಮ್.1ರ ವಿರುದ್ಧ ಪ್ರತಿಕಾಯವಿರುವ ಕೆಲವರಲ್ಲಿ ತಂತು ತುಂಡಾಗಿರುತ್ತದೆ, ಚೇತರಿಕೆ ಬಹಳ ನಿಧಾನ. ಇನ್ನು ಕೆಲವರಲ್ಲಿ ಸಂಕೇತ ಸಾಗುವುದಷ್ಟೇ ತಡೆದಿರುತ್ತದೆ, ತಂತು ಗಟ್ಟಿಯಾಗಿಯೇ ಇರುತ್ತದೆ, ಅವರು ಬೇಗ ಎದ್ದುಬಿಡುತ್ತಾರೆ. ನರವೂ ಸ್ನಾಯುವೂ ಕೂಡುವಲ್ಲಿ ತೊಡಕಾಗುವ ಮಯಸ್ತೀನಿಯಾ ಗ್ರೇವಿಸ್ ಎಂಬ ಇನ್ನೊಂದು ರೋಗದಲ್ಲೂ ಹೀಗೆಯೇ: ಪ್ರತಿಕಾಯ ಹೇರಳವಾಗಿದ್ದು ಕಣ್ಣುರೆಪ್ಪೆಯಷ್ಟೇ ಜೋತಿರುವವರಿದ್ದಾರೆ, ಅಲ್ಪವಿದ್ದೂ ಉಸಿರಾಟಕ್ಕೆ ಯಂತ್ರ ಬೇಕಾದವರಿದ್ದಾರೆ. ರೋಗ ಯಾವುದೆಂದು ಹೇಳುವ ಪರೀಕ್ಷೆ ಬೇರೆ, ರೋಗ ಎತ್ತ ಹೋಗುತ್ತದೆಂದು ಹೇಳುವ ಪರೀಕ್ಷೆ ಬೇರೆ.

2009ರಲ್ಲಿ ಡಚ್ ಸಂಶೋಧಕರು ಒಂದು ಜಾಣ ಯೋಚನೆ ಮಾಡಿದರು. ಎಲ್ಲರಿಗೂ ತೂಕಕ್ಕೆ ತಕ್ಕಂತೆ ಒಂದೇ ಪ್ರಮಾಣದ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಮೇಲೆ, ಎರಡು ವಾರ ಕಳೆದು ರಕ್ತದಲ್ಲಿ ಅದು ಎಷ್ಟು ಏರಿದೆ ಎಂದು ನೋಡಿದರು. ಒಬ್ಬೊಬ್ಬರಲ್ಲಿ ಒಂದೊಂದು ತರಹ! ಕಡಿಮೆ ಏರಿಕೆ ಕಂಡವರು ನಿಧಾನವಾಗಿ ಚೇತರಿಸಿಕೊಂಡರು. 2017ರಲ್ಲಿ ಇನ್ನೂ ಸುಲಭದ ಸೂಚನೆ ಸಿಕ್ಕಿತು: ಚಿಕಿತ್ಸೆಯ ನಂತರ ರಕ್ತದ ಆಲ್ಬುಮಿನ್ ಕುಸಿದವರ ಸ್ಥಿತಿಯೂ ಕೆಟ್ಟದ್ದು. ಆಲ್ಬುಮಿನ್ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೂ ಆಗುವಂಥದ್ದು.

ಕಡಿಮೆ ಏರಿದವರಿಗೆ ಇನ್ನೊಂದು ಸುತ್ತು ಔಷಧಿ ಕೊಟ್ಟರೆ ಸರಿಯಾದೀತಲ್ಲವೇ? ಹಾಗೆಂದು ಎಷ್ಟೋ ವೈದ್ಯರು ನಂಬಿದರು, ಕೊಟ್ಟರು ಕೂಡ. ಸಂಕಟದಲ್ಲಿರುವ ಮನೆಯವರು ಬೇಡವೆನ್ನುತ್ತಾರೆಯೇ? ಕೊನೆಗೆ ನೆದರ್ಲೆಂಡ್ಸ್‌ನಲ್ಲಿ ಸರಿಯಾದ ಪ್ರಯೋಗ ನಡೆಯಿತು. ಬಲದ ಅಂಕ ಮತ್ತಿತರ ಲಕ್ಷಣಗಳಿಂದ ಮುಂದೆ ಕಷ್ಟವಿದೆ ಎಂದು ಕಂಡ 93 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಎರಡನೆಯ ಸುತ್ತಿನ ಔಷಧಿ, ಇನ್ನೊಂದಕ್ಕೆ ಬರಿಯ ತೋರಿಕೆಯ ದ್ರವ ಕೊಟ್ಟರು. ಫಲಿತಾಂಶ 2021ರಲ್ಲಿ ಬಂತು. ಎರಡನೆಯ ಸುತ್ತಿನಿಂದ ಲಾಭವೇನೂ ಆಗಿರಲಿಲ್ಲ. ಬದಲಿಗೆ ರಕ್ತ ಹೆಪ್ಪುಗಟ್ಟುವಂಥ ಗಂಭೀರ ತೊಂದರೆಗಳು ಹೆಚ್ಚಿದ್ದವು.

ಇದರ ಅರ್ಥ? ಇರುವೆಗಳು ಮೊಟ್ಟೆ ಹೊತ್ತು ಸಾಲುಗಟ್ಟಿದರೆ ಮಳೆ ಬರುತ್ತದೆನ್ನುತ್ತಾರೆ ನಮ್ಮ ಹಳ್ಳಿಯವರು. ಇರುವೆಗಳನ್ನು ತಡೆದು ನಿಲ್ಲಿಸಿದರೆ ಮಳೆ ನಿಂತೀತೇ? ರಕ್ತದ ಏರಿಕೆ ಕಡಿಮೆಯಾದದ್ದು ಕೆಟ್ಟ ಸ್ಥಿತಿಯ ಗುರುತಾಗಿರಬಹುದು, ಅದರ ಕಾರಣವಾಗಿರಲಾರದು. ಗುರುತನ್ನೂ ಕಾರಣವನ್ನೂ ಬೆರೆಸಿದರೆ ಎಷ್ಟು ಹಾನಿ ಎಂಬುದಕ್ಕೆ ವಿಜ್ಞಾನದ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ತಿಳಿಯದು.

ಇತ್ತೀಚೆಗೆ ಹೆಚ್ಚು ನಿರೀಕ್ಷೆ ಇರುವುದು ನ್ಯೂರೊಫಿಲಮೆಂಟ್ ಎಂಬ ಪ್ರೋಟೀನಿನ ಮೇಲೆ. ಇದು ಆಕ್ಸಾನಿನ ಒಳಗಿನ ಹಂದರ. ತಂತು ಮುರಿದಾಗ ಹಂದರದ ಚೂರುಗಳು ರಕ್ತಕ್ಕೆ ಸೋರುತ್ತವೆ — ಮನೆ ಕುಸಿದ ಮೇಲೆ ಹೊಳೆಯಲ್ಲಿ ತೇಲಿ ಬರುವ ತೊಲೆಗಳಂತೆ. ಪ್ರಮಾಣ ಮಾತ್ರ ಅತ್ಯಲ್ಪ. ಅಳೆಯುವುದು ಪಿಕೊಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ. ಅಷ್ಟು ಸೂಕ್ಷ್ಮ ಯಂತ್ರಗಳು ಬಂದದ್ದು 2010ರ ಈಚೆಗೆ. ಸ್ಪೇನಿನ ಸಂಶೋಧಕರು 2020ರಲ್ಲಿ, ಆಸ್ಪತ್ರೆ ಸೇರಿದಾಗಲೇ ಇದು ಬಹಳ ಹೆಚ್ಚಿದ್ದವರು ಒಂದು ವರ್ಷದ ನಂತರವೂ ಹಿಂದೆ ಬಿದ್ದಿದ್ದರೆಂದು ತೋರಿಸಿದರು. ಹೊದಿಕೆಯೋ ತಂತಿಯೋ ಎಂಬ ಪ್ರಶ್ನೆಗೆ ನೇರವಾಗಿ ಹತ್ತಿರ ಬರುವ ಪರೀಕ್ಷೆ ಇದು. ಒಂದು ತೊಡಕಿದೆ: ಈ ಹಂದರ ಮಿದುಳಿನಲ್ಲೂ ಇದೆ, ವಯಸ್ಸಾದಂತೆ ಎಲ್ಲರಲ್ಲೂ ಏರುತ್ತದೆ. ಆದ್ದರಿಂದ ಕೈಕಾಲುಗಳಿಗೆ ಹೋಗುವ ನರಗಳಲ್ಲೇ ಮುಖ್ಯವಾಗಿ ಇರುವ ಪೆರಿಫೆರಿನ್ ಎಂಬ ಪ್ರೋಟೀನನ್ನು ಅಳೆಯುವ ಪ್ರಯತ್ನವನ್ನು ಬ್ರಿಟನ್ನಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದರು.

ಇನ್ನು ಪೆನ್ಸಿಲ್ ತೆಗೆದುಕೊಳ್ಳಿ. 100 ರೋಗಿಗಳು, 20 ಜನ ಆರು ತಿಂಗಳಾದರೂ ನಡೆಯಲಾರರು, 80 ಜನ ನಡೆಯುತ್ತಾರೆ. ನೂರಕ್ಕೆ 80 ಸಲ ಸರಿ ಹೇಳುವ ಒಂದು ಕಾಲ್ಪನಿಕ ರಕ್ತಪರೀಕ್ಷೆ ನಮ್ಮಲ್ಲಿದೆ ಎನ್ನಿ. ನಡೆಯಲಾರದ 20ರಲ್ಲಿ ಅದು 16 ಜನರನ್ನು ಹಿಡಿಯುತ್ತದೆ. ನಡೆಯುವ 80ರಲ್ಲಿ 64 ಜನರನ್ನು ಸರಿಯಾಗಿ ಬಿಡುತ್ತದೆ, 16 ಜನರಿಗೆ ತಪ್ಪಾಗಿ 'ಕಷ್ಟ' ಎನ್ನುತ್ತದೆ. ಕೆಟ್ಟ ವರದಿ ಬಂದವರು ಒಟ್ಟು 32. ಅವರಲ್ಲಿ ಎಷ್ಟು ಜನ ಎದ್ದು ನಡೆಯುತ್ತಾರೆ? 16, ಸರಿಯಾಗಿ ಅರ್ಧ! ಆ ವರದಿ ಹಿಡಿದು "ನಿಮ್ಮ ಮಗ ನಡೆಯೋಲ್ಲಮ್ಮ" ಎಂದುಬಿಟ್ಟರೆ, ಎರಡು ಮನೆಗಳಲ್ಲಿ ಒಂದರ ಮಟ್ಟಿಗೆ ಅದು ಸುಳ್ಳು. ಆದರೆ ಅದೇ ವರದಿಯನ್ನು ಬೇರೆ ಬಗೆಯಾಗಿ ಬಳಸಬಹುದು: ಈ 32 ಜನರ ಮೇಲೆ ಹೆಚ್ಚು ಕಣ್ಣಿಡೋಣ, ಬೇಗ ವ್ಯಾಯಾಮ ಚಿಕಿತ್ಸೆ ಮೊದಲು ಮಾಡೋಣ, ಹೊಸ ಔಷಧಿಯ ಪ್ರಯೋಗಕ್ಕೆ ಇಂಥವರನ್ನೇ ಆರಿಸೋಣ. ಗುಂಪಿನ ಬಗ್ಗೆ ರಕ್ತ ಚೆನ್ನಾಗಿ ಮಾತಾಡುತ್ತದೆ. ಒಬ್ಬನ ಬಗ್ಗೆ ಕೇಳಿದರೆ ತಡವರಿಸುತ್ತದೆ.

ನಮ್ಮ ಹುಡುಗನ ರಕ್ತ ಪ್ರಯೋಗಾಲಯಕ್ಕೆ ಹೋಗಿದೆ. ಸೋಡಿಯಮ್ ಕುಸಿದಿದೆಯೇ ಎಂಬುದು ಇಂದೇ ತಿಳಿಯುತ್ತದೆ. ಈ ರೋಗದಲ್ಲಿ ಅದೂ ಒಂದು ಎಚ್ಚರಿಕೆಯ ಗುರುತು, ಸರಿಪಡಿಸಲೂ ಬೇಕಾದದ್ದು. ಈ ನಡುವೆ ನರ್ಸ್ ಕೆಲವು ಗಂಟೆಗೊಮ್ಮೆ ಹಾಸಿಗೆಯ ಬಳಿ ಬಂದು, "ಉಸಿರು ಪೂರ್ತಿ ಎಳೆದುಕೋ, ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಪ್ಪಾ" ಎನ್ನುತ್ತಾರೆ. ಬೆಳಿಗ್ಗೆ ಅವನು 34ರವರೆಗೆ ಎಣಿಸಿದ್ದ. ಮಧ್ಯಾಹ್ನ 27. ಸಂಜೆ 18 ಆದರೆ, ಯಾವ ವರದಿಗೂ ಕಾಯದೆ, ಅವನ ಹಾಸಿಗೆಯನ್ನು ವೆಂಟಿಲೇಟರ್ ಇರುವ ಕೋಣೆಗೆ ತಳ್ಳಿಕೊಂಡು ಹೋಗುತ್ತಾರೆ.